ಮೂರು ಕಾವಲು, ಒಂದು ದನಿ

ನಮ್ಮ ಮನೆತನದಲ್ಲಿ ಕಾವಲಿನ ವಿಷಯಕ್ಕೆ ಜಿಪುಣತನ ಮಾಡಿದವರು ಯಾರೂ ಇಲ್ಲ. ತಲೆಮಾರುಗಳಿಂದ ಕಡಲಿಗೆ ಹೋದವರು ನಾವು. ದೋಣಿ ನೀರಿಗಿಳಿಯುವ ಮೊದಲು ನನ್ನ ಅಜ್ಜ ಮನೆಯ ದೈವಕ್ಕೆ ಕೈಮುಗಿದು, ನಾಗನಿಗೆ ಮುಗಿದು, ದೇವಸ್ಥಾನದ ದಿಕ್ಕಿಗೆ ತಿರುಗಿ ಮುಗಿದು, ಅದೂ ಸಾಲದೆಂದು ದರ್ಗಾಕ್ಕೆ ಎಣ್ಣೆ, ಇಗರ್ಜಿಗೆ ಮೇಣದಬತ್ತಿ ಕಳುಹಿಸಿಯೇ ಹುಟ್ಟು ಹಿಡಿಯುತ್ತಿದ್ದದ್ದು. ಒಬ್ಬರನ್ನು ಬಿಟ್ಟರೆ ಅವರು ಮುನಿದಾರು ಎಂಬುದು ಒಂದು ಕಾರಣ. ಕಡಲಿನ ಮೇಲೆ ಆ ದಿನ ಪಾಳಿ ಯಾರದ್ದೆಂದು ಮನುಷ್ಯನಿಗೆ ತಿಳಿಯದು ಎಂಬುದು ಇನ್ನೊಂದು. ನಾನು ಕಡಲಿಗೆ ಹೋಗಲಿಲ್ಲ. ಮಕ್ಕಳಿಗೆ ಕನ್ನಡ ಪಾಠ ಹೇಳಿ, ನಿವೃತ್ತನಾಗಿ, ಮಂಗಳೂರಿನ ಉರ್ವದ ಮಾರುಕಟ್ಟೆಯ ಹತ್ತಿರ ಒಂದು ಫ್ಲ್ಯಾಟಿನಲ್ಲಿ ಕುಳಿತೆ. ಆದರೆ ರಕ್ತ ಎಲ್ಲಿಗೆ ಹೋಗುತ್ತದೆ? ಲ್ಯಾಪ್‌ಟಾಪಿಗೆ ಕಾವಲು ಹಾಕುವ ಪ್ರಸಂಗ ಬಂದಾಗ ಅಜ್ಜನೇ ಬಂದು ನನ್ನ ಬೆರಳಲ್ಲಿ ಕೂತ.

ಪ್ರಸಂಗವನ್ನು ತಂದವರು ಎದುರು ಬಾಗಿಲಿನ ನೆರೆಯವರು. ಪಂಪ್‌ವೆಲ್‌ನಲ್ಲಿ ಅವರದ್ದು ಸೂಟ್‌ಕೇಸು, ಬ್ಯಾಗುಗಳ ಅಂಗಡಿ. ಮಂಗಳೂರಿನಿಂದ ಗಲ್ಫಿಗೆ ಹಾರಿದ ಪೆಟ್ಟಿಗೆಗಳಲ್ಲಿ ಒಂದು ಗಣನೀಯ ಪಾಲು ಅವರ ಕೈ ದಾಟಿಯೇ ಹೋದದ್ದೆಂದು ಅವರ ಅಂಬೋಣ. ನಮ್ಮ ಮನೆಮಾತು ತುಳು, ಅವರದ್ದು ಬ್ಯಾರಿ. ಎರಡು ಬಾಗಿಲುಗಳ ನಡುವಿನ ರಾಜತಾಂತ್ರಿಕ ವ್ಯವಹಾರವೆಲ್ಲ ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವನು ಎಂಬ ಒಂದೇ ಆಧಾರದ ಮೇಲೆ ಇಡೀ ಮಹಡಿ ನನ್ನನ್ನು ಆ ಶಾಸ್ತ್ರದ ಪಂಡಿತನೆಂದು ನಂಬಿತ್ತು. ನಾನೂ ಆ ನಂಬಿಕೆಗೆ ಅಡ್ಡಿ ಮಾಡಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿಸಿ ಬಂದವರೇ ಅವರು ಒಂದು ಪೆನ್‌ಡ್ರೈವನ್ನು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಅವರ ತೀರಿಹೋದ ತಂದೆಯ ಧ್ವನಿ ಇತ್ತು.

ಆ ಧ್ವನಿಯ ಕತೆಯನ್ನು ಅವರು ಹೇಳಿದಷ್ಟು ಹೇಳುತ್ತೇನೆ. ತಂದೆ ಸೌದಿಯ ದಮ್ಮಾಮಿನಲ್ಲಿ ಒಂದು ಅಂಗಡಿಯಲ್ಲಿದ್ದರು. ಮಾತಾಡುವುದು ಬ್ಯಾರಿ, ಕಾಗದ ಬರೆಯುವುದು ಕನ್ನಡ. ಉಮ್ಮನಿಗೆ, ಎಂದರೆ ನೆರೆಯವರ ತಾಯಿಗೆ, ಓದಲು ಬರುತ್ತಿರಲಿಲ್ಲ. ಹೆಂಡತಿಗೆಂದು ಬರೆದದ್ದನ್ನು ಊರಿನ ಮಾಸ್ತರ ಮೊದಲು ಓದಬೇಕು. ಆ ಮಾಸ್ತರಿಕೆಯನ್ನು ನಾನೂ ಮಾಡಿದವನೇ. ‘ಇಲ್ಲಿ ಎಲ್ಲ ಕ್ಷೇಮ’ ಎಂಬ ಸಾಲು ದಾಟಿದ ಕೂಡಲೇ ಓದುವವನಿಗೂ ಕೇಳುವವರಿಗೂ ಒಟ್ಟಿಗೆ ಕೆಮ್ಮು ಬರುತ್ತಿತ್ತು. ಹಾಗಾಗಿ ಅವರ ತಂದೆ ಕಾಗದ ನಿಲ್ಲಿಸಿ ಕ್ಯಾಸೆಟ್ಟು ಕಳುಹಿಸತೊಡಗಿದರು. ಊರಿಗೆ ಬರುವ ಯಾರದ್ದಾದರೂ ಪೆಟ್ಟಿಗೆಯಲ್ಲಿ, ಅತ್ತರು ಸೀಸೆಯ ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿ. ಕ್ಯಾಸೆಟ್ಟು ಬಂದ ದಿನ ಉಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುತ್ತಿದ್ದರು. ಹೊರಗಿದ್ದ ಮಕ್ಕಳಿಗೆ ಕೇಳುತ್ತಿದ್ದದ್ದು ಟೇಪ್‌ರೆಕಾರ್ಡರಿನ ಗುಂಡಿಯ ಟಕ್ ಟಕ್ ಮಾತ್ರ. ಸುಮ್ಮನೆ ಕೂತು ಕೇಳುವುದಕ್ಕೆ ಅಷ್ಟು ಸಲ ಗುಂಡಿ ಯಾಕೆ ಒತ್ತಬೇಕೆಂದು ತನಗೆ ಇವತ್ತಿಗೂ ಗೊತ್ತಿಲ್ಲವೆಂದರು.

ತಂದೆ ಹೋದ ಮೇಲೆ, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ, ಒಂದು ಸ್ಟುಡಿಯೋದವರ ಕೈಯಲ್ಲಿ ಉಳಿದಷ್ಟನ್ನು ಕಂಪ್ಯೂಟರಿಗೆ ಹಾಕಿಸಿದರು. ಆ ಸ್ಟುಡಿಯೋ ಈಗಿಲ್ಲ, ಕ್ಯಾಸೆಟ್ಟುಗಳೂ ಇಲ್ಲ. ಇದ್ದದ್ದು ಈ ಪೆನ್‌ಡ್ರೈವು ಮಾತ್ರ. ಅದನ್ನು ಪಂಪ್‌ವೆಲ್‌ನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹಾಕಿ ನೋಡಿದ್ದೇ ತಪ್ಪಾಯಿತು. ಒಳಗಿದ್ದ ಫೋಲ್ಡರುಗಳ ಬದಲು ಕೊಕ್ಕೆಯಂತೆ ಬಾಗಿದ ಬಾಣದ ಗುರುತುಗಳು ಬಂದು ಕೂತಿದ್ದವು.

“ಈಗ ಎಂತಕ್ಕೆ ಅವಸರ?” ಎಂದು ಕೇಳಿದೆ.

“ಉಮ್ಮನ ಕಿವಿಯದ್ದು, ಮಾಸ್ಟ್ರೇ,” ಎಂದರು. ಕೊಡಿಯಾಲ್‌ಬೈಲಿನ ಕಿವಿ ಡಾಕ್ಟರು ನೋಡಿ, ಒಂದು ಕಿವಿ ಹೋಗಿದೆ, ಇನ್ನೊಂದು ಹೊರಟಿದೆ ಎಂದಿದ್ದರಂತೆ. ಮುಂದೆ ಯಂತ್ರ ಹಾಕಿದರೆ ಶಬ್ದ ಸಿಕ್ಕೀತು, ದನಿಯ ಗುರುತು ಸಿಗುವುದು ಕಷ್ಟವಂತೆ. ಅವರು ಪೆನ್‌ಡ್ರೈವನ್ನು ಬೆರಳಿನಿಂದ ನನ್ನ ಕಡೆಗೆ ಸ್ವಲ್ಪ ತಳ್ಳಿದರು. “ಕಿವಿ ಇರುವಾಗ ಒಮ್ಮೆ ಕೇಳ್ಬೇಕಂತೆ ಉಮ್ಮನಿಗೆ. ಬೇರೆ ಎಂತದೂ ಕೇಳ್ಲಿಲ್ಲ ಅವರು.”

ಇಷ್ಟು ಕೇಳಿದ ಮೇಲೆ ರೋಗ ಹಿಡಿದ ಆ ವಸ್ತುವನ್ನು ನನ್ನ ಯಂತ್ರಕ್ಕೆ ನೇರ ಚುಚ್ಚುವಷ್ಟು ಧೈರ್ಯ ನನಗಿರಲಿಲ್ಲ. ಮೊದಲು ವೈರಸ್ಸಿಗೆ ಕಾವಲು ಆಗಬೇಕು. ಲ್ಯಾಪ್‌ಟಾಪಿನ ಜೊತೆಗೇ ಬಂದ ಒಬ್ಬ ಕಾವಲುಗಾರ ಒಳಗಿದ್ದನೆಂದು ನನಗೆ ಗೊತ್ತಿತ್ತು. ಆದರೆ ಕಟ್ಟಡದ ಜೊತೆಗೇ ಬಂದ ವಾಚ್‌ಮನ್ ಬಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಗೌರವ ಉಂಟೋ ಅಷ್ಟೇ ಗೌರವ ನನಗೆ ಅವನ ಮೇಲೆ. ಗೇಟಿನ ಪಕ್ಕ ಕುರ್ಚಿಯಲ್ಲಿ ಕಾಣುತ್ತಾನೆ. ಎಚ್ಚರ ಇದ್ದಾನೋ ಇಲ್ಲವೋ ಕೇಳುವವರಿಲ್ಲ. ಹಾಗಾಗಿ ಇನ್ನೊಂದು ಉಚಿತ ಕಾವಲನ್ನು ಇಳಿಸಿಕೊಂಡೆ. ಇಳಿಸಿಕೊಂಡ ಮೇಲೆ, ಅದನ್ನು ಹೊಗಳಿದ ಪುಟದಲ್ಲೇ ಮತ್ತೊಂದನ್ನೂ ಹೊಗಳಿದ್ದು ಕಣ್ಣಿಗೆ ಬಿತ್ತು. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದೇ? ಅದನ್ನೂ ಕರೆದೆ. ದೈವ, ನಾಗ, ದೇವರು ಮೂವರೂ ಪ್ರತಿಷ್ಠಾಪನೆಯಾದಂತೆ ನನಗೆ ಸಮಾಧಾನವಾಯಿತು.

ಆ ಸಮಾಧಾನ ಒಂದು ಲೋಟ ಚಾ ಕುಡಿಯುವಷ್ಟು ಹೊತ್ತು ಬಾಳಿತು. ನಮ್ಮ ದೈವಗಳು ಒಂದೇ ಅಂಗಳದಲ್ಲಿ ಶತಮಾನಗಳಿಂದ ಹೊಂದಿಕೊಂಡು ಇದ್ದಾವೆ. ಈ ಮೂವರು ಅಂಥ ಸಂಸ್ಕಾರ ಇಲ್ಲದವರು. ಎರಡನೆಯವನು ಮೂರನೆಯವನ ಸಾಮಾನಿನಲ್ಲಿ ಕಳ್ಳಮಾಲು ಕಂಡ. ಮೂರನೆಯವನು ಎರಡನೆಯವನೇ ಕಳ್ಳನೆಂದು ಕೆಂಪು ಫಲಕ ಎತ್ತಿ ತೋರಿಸಿದ. ಮೊದಲಿನವನು ಮಾತ್ರ, ಹೊಸಬರು ಬಂದಮೇಲೆ ತನಗೇನು ಕೆಲಸವೆಂದು, ಕುರ್ಚಿ ಮಡಚಿಟ್ಟು ಪಾಳಿಯಿಂದ ಇಳಿದೇಬಿಟ್ಟಿದ್ದ. ಉಚಿತವೆಂದು ಬಂದ ಇಬ್ಬರೂ ಆಗಾಗ ಪರದೆಯ ಮೂಲೆಯಲ್ಲಿ ತಲೆಹಾಕಿ, ದುಡ್ಡು ಕೊಟ್ಟರೆ ಇನ್ನೂ ಚೆನ್ನಾಗಿ ಕಾಯುತ್ತೇವೆ ಎನ್ನುವರು. ಮೌಸು ಒತ್ತಿದರೆ, ಪಂಪ್‌ವೆಲ್‌ನಲ್ಲಿ ಸಂಜೆಯ ಬಸ್ಸು ಹೊರಟಂತೆ, ಬಾಣ ಯೋಚಿಸಿ ಯೋಚಿಸಿ ಹೊರಡುವುದು.

ಆ ಸ್ಥಿತಿಯಲ್ಲಿ ಪೆನ್‌ಡ್ರೈವನ್ನು ಹಾಕಿದೆ. ಇಬ್ಬರೂ ಒಟ್ಟಿಗೆ ಅದರ ಮೇಲೆ ಬಿದ್ದರು. ಸ್ವಲ್ಪ ಹೊತ್ತಿಗೆ ಬಾಗಿದ ಬಾಣಗಳೆಲ್ಲ ಮಾಯವಾಗಿ, ರೋಗ ನಿವಾರಣೆಯಾಯಿತೆಂಬ ಹಸಿರು ಘೋಷಣೆ ಬಂತು. ತೆರೆದು ನೋಡಿದೆ. ಒಳಗೆ ಏನೂ ಇರಲಿಲ್ಲ.

ನೆರೆಯವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಖಾಲಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ, ಗಿರಾಕಿಯ ಮುಂದೆ ಸೂಟ್‌ಕೇಸಿನ ಹಿಡಿ ಕಿತ್ತು ಬಂದಾಗ ಬಳಸುವ ಸ್ವರದಲ್ಲಿ ಹೇಳಿದರು: “ಪರ್ವಾಗಿಲ್ಲ ಮಾಸ್ಟ್ರೇ. ಉಮ್ಮನಿಗೆ ನಾನು ಎಂತಾದ್ರೂ ಹೇಳ್ತೇನೆ.”

ಅವರು ಹೋದ ಮೇಲೆ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಪರದೆಯನ್ನೂ ನನ್ನನ್ನೂ ನೋಡಿದಳು. ಮೂರು ನಾಯಿ ಸಾಕಿದ ಮನೆಯಲ್ಲಿ ಕಳ್ಳ ಬಾರದಿದ್ದರೂ ಊಟ ಉಳಿಯುವುದಿಲ್ಲ ಎಂಬರ್ಥದ್ದೇನೋ ತುಳುವಿನಲ್ಲಿ ಹೇಳಿದಳು.

ಮರುದಿನವಿಡೀ ಕುಳಿತು ಓದಿದೆ. ಓದಿದಷ್ಟೂ ಒಂದು ಮಾತು ಮತ್ತೆ ಮತ್ತೆ ಎದುರಾಯಿತು: ಒಂದು ಯಂತ್ರಕ್ಕೆ ಎಚ್ಚರ ಕೂತಿರುವ ಕಾವಲುಗಾರ ಒಬ್ಬನೇ ಸಾಕು, ಇಬ್ಬರಾದರೆ ಪರಸ್ಪರ ಕಾಯುತ್ತಾರೆ, ಮನೆ ಕಾಯುವುದಿಲ್ಲ. ಸಾಮಾನ್ಯ ಮನೆಬಳಕೆಗೆ ಯಂತ್ರದ ಜೊತೆಗೆ ಬಂದವನೇ ಸಾಕಷ್ಟು ಗಟ್ಟಿಗ, ಅವನಿಗೆ ಕಾಲಕಾಲಕ್ಕೆ ಹೊಸ ಸುದ್ದಿ ಮುಟ್ಟಿಸುತ್ತಿದ್ದರೆ ಸಾಕು ಎಂಬುದನ್ನೂ ಓದಿದೆ. ನಾನು ಉದಾಸೀನ ಮಾಡಿದ ಕುರ್ಚಿಯವನೇ! ಹೊಸಬರಿಬ್ಬರನ್ನೂ ಬೀಳ್ಕೊಟ್ಟೆ. ಹೋಗುವಾಗ ಅವರು ಪಟ್ಟ ದುಃಖ ಅಷ್ಟಿಷ್ಟಲ್ಲ. ನಿಜವಾಗಿಯೂ ಕಳುಹಿಸುತ್ತೀರಾ, ನಮ್ಮಿಂದ ಏನು ತಪ್ಪಾಯಿತು, ಕಾರಣವನ್ನಾದರೂ ತಿಳಿಸಿ ಎಂದೆಲ್ಲ ಕೇಳಿದರು. ನನ್ನ ನಿವೃತ್ತಿಯ ದಿನ ಶಾಲೆಯವರು ಇಷ್ಟು ಕೇಳಿರಲಿಲ್ಲ. ಅವರು ಹೊರಬಿದ್ದ ಕೂಡಲೇ ಹಳಬ ಒಂದು ಮಾತೂ ಆಡದೆ ಕುರ್ಚಿ ಬಿಡಿಸಿ ಪಾಳಿಗೆ ಕೂತ.

ಇನ್ನು ಪೆನ್‌ಡ್ರೈವು. ಖಾಲಿಯಾದ ಅದನ್ನು ಕಸಕ್ಕೆ ಹಾಕುವಂತಿಲ್ಲ, ಹಿಂದಕ್ಕೆ ಕೊಡುವ ಮುಖವೂ ಇಲ್ಲ. ಮತ್ತೊಮ್ಮೆ ಹಾಕಿ ಸುಮ್ಮನೆ ನೋಡುತ್ತ ಕೂತೆ. ಆಗ ಒಂದು ವಿಚಿತ್ರ ಕಂಡಿತು. ಒಳಗೆ ಏನೂ ಇಲ್ಲ ಎನ್ನುವ ಅದೇ ಯಂತ್ರ, ಪೆನ್‌ಡ್ರೈವಿನ ಬಹುಪಾಲು ಜಾಗ ತುಂಬಿದೆ ಎಂದೂ ಹೇಳುತ್ತಿತ್ತು. ಖಾಲಿ ಬುಟ್ಟಿ ಭಾರ ಇದ್ದರೆ ಅದು ಖಾಲಿಯಲ್ಲ ಎಂದು ತಿಳಿಯಲು ಕಂಪ್ಯೂಟರು ಕಲಿಯಬೇಕಾಗಿಲ್ಲ. ಹುಡುಕಿದಾಗ ಗುಟ್ಟು ಸಿಕ್ಕಿತು. ಈ ಜಾತಿಯ ರೋಗ ಕಡತಗಳನ್ನು ಕದಿಯುವುದಿಲ್ಲ. ಅವುಗಳನ್ನು ಅಡಗಿಸಿಟ್ಟು, ಆ ಜಾಗದಲ್ಲಿ ತನ್ನ ಸುಳ್ಳು ಬಾಣಗಳನ್ನು ನಿಲ್ಲಿಸುತ್ತದೆ. ಕಾವಲಿನವರು ಬಾಣಗಳನ್ನು ಕಿತ್ತೆಸೆದಿದ್ದರು; ಅಡಗಿದ್ದನ್ನು ಹೊರಗೆ ಕರೆಯುವುದು ಅವರ ಕೆಲಸವಾಗಿರಲಿಲ್ಲ. ಒಂದು ಮೂಲೆಯಲ್ಲಿ, ಅಡಗಿದ್ದನ್ನೂ ತೋರಿಸು ಎಂಬ ಪುಟ್ಟ ಚೌಕ ಇತ್ತು. ಅದರಲ್ಲಿ ಸರಿ ಗುರುತು ಹಾಕಿದೆ.

ಬೆಳಗಿನ ಮಂಜಿನಲ್ಲಿ ದೋಣಿಗಳು ಕಾಣಿಸುವಂತೆ ಫೋಲ್ಡರುಗಳು ಒಂದೊಂದೇ ಮಸುಕಾಗಿ ಕಾಣಿಸಿಕೊಂಡವು. ಎಲ್ಲಿಗೂ ಹೋಗಿರಲಿಲ್ಲ. ಕರೆಯುವವರಿಲ್ಲದೆ ಅಲ್ಲೇ ಕೂತಿದ್ದವು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಮಾಡಿದ ಮೊದಲ ಕೆಲಸ, ಅವುಗಳ ಪ್ರತಿಯನ್ನು ಇನ್ನೊಂದು ಕಡೆ ತೆಗೆದಿಟ್ಟದ್ದು. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು.

ಆದರೆ ಧ್ವನಿ ಬರಲಿಲ್ಲ. ಆ ಸ್ಟುಡಿಯೋದವರು ಯಾವ ಕಾಲದ ಯಾವ ವಿಧಾನದಲ್ಲಿ ಮುದ್ರಿಸಿದ್ದರೋ, ಲ್ಯಾಪ್‌ಟಾಪಿನಲ್ಲಿದ್ದ ಪ್ಲೇಯರು ಆ ಕಡತವನ್ನು ಮೂಸಿ ನೋಡಿ, ಇದು ತನ್ನಿಂದ ಆಗದು ಎಂದಿತು. ಎಲ್ಲವನ್ನೂ ನುಡಿಸುವ ಉಚಿತ ಪ್ಲೇಯರು ಬೇಕೆಂದು ಹುಡುಕಿದರೆ, ಒಂದು ಪುಟ ತುಂಬ ಹಸಿರು ಗುಂಡಿಗಳು. ಒಂದಕ್ಕಿಂತ ಒಂದು ದೊಡ್ಡದು, ಎಲ್ಲವೂ ಇಲ್ಲೇ ಒತ್ತಿ ಎನ್ನುವವು. ನನ್ನ ಬೆರಳು ಇಳಿಯುತ್ತಿತ್ತು. ಹಿಂದೆ ನಿಂತ ಹೆಂಡತಿ ಭುಜ ಹಿಡಿದಳು.

“ಉರ್ವ ಮಾರ್ಕೆಟಿಗೆ ಎಷ್ಟು ವರ್ಷ ಬಂದಿದ್ದೀರಿ ನನ್ನೊಟ್ಟಿಗೆ? ಬೊಬ್ಬೆ ಹಾಕಿ ಕರೆಯುವವಳ ಹತ್ರ ನಾನು ಯಾವತ್ತಾದ್ರೂ ಮೀನು ತಗೊಂಡದ್ದುಂಟಾ? ಕಿವಿರು ಎತ್ತಿ ನೋಡ್ಲಿಕ್ಕೆ ಬಿಡುವವಳು ಯಾರುಂಟು ನೋಡಿ.”

ಇದು ಮೀನಿನ ಮಾತೆಂದು ನಗಬಹುದಿತ್ತು. ಆದರೆ ಹುಡುಕುತ್ತ ಹೋದಂತೆ, ಕಿವಿರು ಎತ್ತಿ ತೋರಿಸುವವರು ನಿಜಕ್ಕೂ ಇದ್ದಾರೆಂದು ತಿಳಿಯಿತು. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ಜನ ಒಂದು ಪ್ಲೇಯರನ್ನು ಬರೆದು, ಅದರ ಹೊಟ್ಟೆಯೊಳಗಿನ ಒಂದೊಂದು ಸಾಲನ್ನೂ ಬೀದಿಯಲ್ಲಿ ಬಿಡಿಸಿಟ್ಟಿದ್ದಾರೆ. ಯಾರು ಬೇಕಾದರೂ ಓದಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು, ತೆಗೆದುಕೊಂಡು ಹೋಗಬಹುದು. ಜಾಹೀರಾತು ಇಲ್ಲ, ಮೂಲೆಯಲ್ಲಿ ತಲೆಹಾಕುವುದಿಲ್ಲ. ಅವರ ಸ್ವಂತ ಜಾಲತಾಣ ಯಾವುದೆಂದು ಖಚಿತಮಾಡಿಕೊಂಡು ಅಲ್ಲಿಂದಲೇ ಇಳಿಸಿಕೊಂಡೆ. ಅದರ ಲಾಂಛನ ಮಾತ್ರ ನನ್ನನ್ನು ಒಂದು ಕ್ಷಣ ಅಧೀರನನ್ನಾಗಿಸಿತು. ರಸ್ತೆ ಕಾಮಗಾರಿಯಲ್ಲಿ ನಿಲ್ಲಿಸುವ ಕಿತ್ತಳೆ ಬಣ್ಣದ ಚೂಪು ಟೊಪ್ಪಿ.

ನೆರೆಯವರನ್ನು ಕರೆದು ಫೋಲ್ಡರು ಸಿಕ್ಕಿದ ಸುದ್ದಿ ಹೇಳಿದೆ. ಅವರು ಸೋಫಾದ ಅಂಚಿನಲ್ಲಿ ಕೂತು ಎರಡು ಕೈಯಿಂದಲೂ ಮುಖ ಒರೆಸಿಕೊಂಡರು. ಆಮೇಲೆ ಪರದೆ ನೋಡಿ, ಆ ಟೊಪ್ಪಿ ಕಂಡು, ಅವರ ಮುಖ ಮತ್ತೆ ಬಿಗಿಯಿತು. ಪಂಪ್‌ವೆಲ್ ಮೇಲ್ಸೇತುವೆ ಏಳುತ್ತಿದ್ದ ಕಾಲದಲ್ಲಿ ಆ ಟೊಪ್ಪಿಗಳು ಅವರ ಅಂಗಡಿಯ ಮುಂದೆ ಗಿರಾಕಿಗಳಿಗಿಂತ ಹೆಚ್ಚು ನಿಂತಿದ್ದವು. ಈ ಗುರುತಿನ ಯಾವ ಕೆಲಸವೂ ತನ್ನ ಆಯುಸ್ಸಿನಲ್ಲಿ ಮುಗಿಯುವುದಿಲ್ಲ ಎಂದು ಅವರಿಗೆ ಅನುಭವದ ಖಾತ್ರಿ. ಮೇಲಾಗಿ ಇದು ಉಚಿತವೆಂದು ಕೇಳಿ ಇನ್ನಷ್ಟು ಅನುಮಾನ.

“ಫ್ರೀ ಅಂದ್ರೆ ನಾವು ಸೂಟ್‌ಕೇಸಿನೊಟ್ಟಿಗೆ ಕೊಡುವ ಬೀಗದ ಹಾಗೆ, ಮಾಸ್ಟ್ರೇ. ಆ ಬೀಗವನ್ನು ನಾನೇ ನಂಬುದಿಲ್ಲ.”

“ಇವರು ಬೀಗದ ಒಳಗೆ ಎಂತ ಉಂಟೂಂತ ಬಿಚ್ಚಿ ತೋರಿಸಿದ್ದಾರೆ ಮಾರಾಯ್ರೇ.”

“ಮತ್ತೆ ಅವರಿಗೆ ಎಂತ ಲಾಭ?”

ಬಿಸಿಲಲ್ಲಿ ಬಂದವನಿಗೆ ಜಾತಿ ಹೆಸರು ಕೇಳದೆ ಬೆಲ್ಲ ನೀರು ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಆದರೆ ಮುಖವನ್ನೇ ಕಾಣದವನಿಗೆ, ಅವನು ಯಾವ ಊರಿನಲ್ಲಿ ಯಾವ ದನಿಗಾಗಿ ಬಾಯಾರಿದ್ದಾನೆಂದು ಗೊತ್ತಿಲ್ಲದೆಯೂ, ಎಲ್ಲ ಜಾತಿಯ ಕಡತಕ್ಕೂ ಬಾಯಿ ಕೊಡುವ ಯಂತ್ರ ಮಾಡಿಟ್ಟು ಎದ್ದುಹೋದವರನ್ನು ನಾನು ಹೇಗೆ ವಿವರಿಸಲಿ?

ಲ್ಯಾಪ್‌ಟಾಪನ್ನು ಎತ್ತಿಕೊಂಡು, ನನ್ನ ಹೆಂಡತಿಯೂ ಸೇರಿ ಮೂವರೂ ಎದುರು ಬಾಗಿಲಿಗೆ ಹೋದೆವು. ಉಮ್ಮ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಮಗ ಕಿವಿಯ ಹತ್ತಿರ ಬಗ್ಗಿ ದೊಡ್ಡ ಸ್ವರದಲ್ಲಿ ವಿಷಯ ತಿಳಿಸಿದರು. ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಗಂಡ ಗೇಟಿನ ಹತ್ತಿರ ಬಂದರೆಂದು ಯಾರಾದರೂ ಹೇಳಿದರೆ ಮಾಡುವ ಹಾಗೆ.

ಒಂದು ಕಡತವನ್ನು ಒತ್ತಿದೆ. ಟೊಪ್ಪಿಯ ಪ್ಲೇಯರು ಏನನ್ನೂ ಕೇಳಲಿಲ್ಲ, ಮೂಸಲೂ ಇಲ್ಲ. ಮೊದಲು ಟೇಪಿನ ಸರಸರ. ಅದರ ಹಿಂದೆ ಯಾವುದೋ ಕೋಣೆಯ ಫ್ಯಾನು ತಿರುಗುವ ಶಬ್ದ. ಎಷ್ಟೋ ವರ್ಷದ ಹಿಂದೆ ಕಡಲಾಚೆ ತಿರುಗಿದ ಫ್ಯಾನಿನ ಗಾಳಿ ಉರ್ವದ ಕೋಣೆಗೆ ಬಂದಂತೆ ನನ್ನ ಕೈಮೇಲಿನ ಕೂದಲು ನಿಂತಿತು. ಟೇಪಿನೊಳಗೆ ಒಬ್ಬರು ಗಂಟಲು ಸರಿಮಾಡಿಕೊಂಡರು. ಮಾತಾಡಿದರು.

ಮಗ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಉಮ್ಮ ಮಾತ್ರ ಪರದೆಯನ್ನೂ ನಮ್ಮ ಮುಖಗಳನ್ನೂ ಒಂದಾದಮೇಲೊಂದು ನೋಡಿ, ಕೈ ಅಲ್ಲಾಡಿಸಿದರು. ಕೇಳುತ್ತಿಲ್ಲ. ಸದ್ದನ್ನು ಏರಿಸಿದೆ. ಇನ್ನೂ ಇಲ್ಲ. ಪೂರ್ತಿ ಏರಿಸಿದೆ, ನೂರು. ಉಮ್ಮ ಕಣ್ಣು ಮುಚ್ಚಿ, ಉಳಿದ ಕಿವಿಯನ್ನು ಮುಂದಕ್ಕೆ ಚಾಚಿ, ಮತ್ತೆ ಕೈ ಅಲ್ಲಾಡಿಸಿದರು. ನಾವು ತಡಮಾಡಿದೆವೆಂದು ನನಗೆ ಆಗ ಅನ್ನಿಸಿತು. ಯಂತ್ರದಲ್ಲಿ ದನಿ ಉಂಟು, ಕೋಣೆಯಲ್ಲಿ ಉಂಟು, ಎಲ್ಲರಿಗೂ ಉಂಟು. ಯಾರಿಗೆಂದು ಆಡಿದ್ದೋ ಅವರಿಗಿಲ್ಲ.

ಬೆರಳನ್ನು ಹಿಂದಕ್ಕೆ ತೆಗೆಯಬೇಕಿತ್ತು, ತೆಗೆಯಲಿಲ್ಲ. ಗುರುತು ಇನ್ನೂ ಮುಂದಕ್ಕೆ ಸರಿಯಿತು. ನೂರು ದಾಟಿತು. ನಾನು ಜೀವಮಾನವಿಡೀ ಅಂಕ ಕೊಟ್ಟವನು. ನೂರಕ್ಕಿಂತ ಹೆಚ್ಚು ಎಂಬುದು ಲೋಕದಲ್ಲಿ ಇಲ್ಲ ಎಂದೇ ನಂಬಿದವನು, ಕನ್ನಡದಲ್ಲಂತೂ ನೂರನ್ನೇ ಕೊಟ್ಟವನಲ್ಲ. ಈ ಜನ ನೂರರ ಆಚೆಗೂ ಸ್ವಲ್ಪ ಜಾಗ ಇಟ್ಟಿದ್ದರು. ನೂರು ಯಾರಿಗೆ ಸಾಲದು ಎಂದು ಅವರಲ್ಲಿ ಯಾರೋ ಒಬ್ಬ ಯೋಚಿಸಿರಬೇಕು. ದನಿ ಒಡೆದು, ಕರಕರ ಎನ್ನುತ್ತ, ಕೋಣೆ ತುಂಬ ಎದ್ದಿತು. ಒಂದು ಹೆಸರು ಕರೆಯಿತು. ಅದು ಉಮ್ಮನ ಹೆಸರಲ್ಲ, ಮಗ ಎಂದೂ ಕೇಳಿದ ಹೆಸರೂ ಅಲ್ಲವೆಂದು ಅವರ ಮುಖವೇ ಹೇಳಿತು.

ಉಮ್ಮ ಎರಡೂ ಅಂಗೈಗಳನ್ನು ಲ್ಯಾಪ್‌ಟಾಪಿನ ಸ್ಪೀಕರಿನ ಮೇಲೆ ಒತ್ತಿಬಿಟ್ಟರು, ಮಕ್ಕಳೆದುರು ಏನೋ ಹೇಳಹೊರಟವರ ಬಾಯಿ ಮುಚ್ಚುವ ಹಾಗೆ. ಅವರ ಮುಖ ನಾಚಿಕೆಗೆ ಕೆಂಪಾಗಿತ್ತು.

ನಾನು ನುಡಿಸುವುದನ್ನು ನಿಲ್ಲಿಸಿದೆ. ಮಗ ಒಳಗಿನಿಂದ ದೊಡ್ಡ ಹೆಡ್‌ಫೋನು ತಂದು ಸಿಕ್ಕಿಸಿದರು. ಹೆಂಡತಿ ಅದನ್ನು ಉಮ್ಮನ ತಲೆಬಟ್ಟೆಯ ಒಳಗಿಂದ ಕಿವಿಗೆ ಕೂರಿಸಿ, ಕೀಲಿಮಣೆಯ ಕೆಳಗಿನ ಉದ್ದ ಗುಂಡಿಯನ್ನು ತೋರಿಸಿದಳು: ಒಮ್ಮೆ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಹೊರಡುತ್ತದೆ. ಉಮ್ಮ ಆ ಗುಂಡಿಯನ್ನು ಹಳೆಯ ಗುರುತಿನವರನ್ನು ಮುಟ್ಟುವಂತೆ ಮುಟ್ಟಿದರು. ಒತ್ತುವ ಮೊದಲು ನನ್ನ ಕಡೆ ತಿರುಗಿ, ಇದನ್ನು ಮಾಡಿದ್ದು ಯಾರು, ದುವಾ ಬೇಡುವಾಗ ಅವರ ಹೆಸರು ಹೇಳಬೇಕು ಎಂದರು. ಯಾವುದೆಂದು ಹೇಳಲಿ? ಬಹಳ ಜನ, ಬೇರೆ ಬೇರೆ ದೇಶ, ನನಗೆ ಒಬ್ಬರದ್ದೂ ಗೊತ್ತಿಲ್ಲ ಎಂದು ಕೈಸನ್ನೆಯಿಂದಲೇ ಅಷ್ಟಿಷ್ಟು ವಿವರಿಸಿದೆ.

“ಆಗ್ಲಿ,” ಎಂದರು ಉಮ್ಮ. “ಕೇಳುವವನಿಗೆ ಗೊತ್ತುಂಟಲ್ಲ.”

ಅಂಗೈ ಎತ್ತಿ, ತುಟಿ ಅಲ್ಲಾಡಿಸಿ, ಮುಖ ಸವರಿಕೊಂಡು, ನಮಗೆಲ್ಲ ಹೊರಗೆ ಹೋಗಲು ಸನ್ನೆ ಮಾಡಿದರು. ಬಾಗಿಲು ಹಾಕಿಕೊಂಡದ್ದು ಅವರೇ.

ಹೊರಗೆ ನಾವು ಮೂವರೂ ನಿಂತೆವು. ಒಳಗೆ ಗುಂಡಿ ಒತ್ತಿದ ಟಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಟಕ್. ಆಮೇಲೆ ಉಮ್ಮನ ಸ್ವರ, ಗಟ್ಟಿಯಾಗಿ, ಮೆಟ್ಟಿಲಿನವರೆಗೂ ಕೇಳುವಷ್ಟು. ಹಿಂದೆ ಪಿಸುಮಾತಿನಲ್ಲಿ ಆಡುತ್ತಿದ್ದದ್ದು ಎಷ್ಟು ದೊಡ್ಡದಾಗಿ ಹೊರಬರುತ್ತಿದೆ ಎಂಬುದು ಈಗ ಅವರ ಕಿವಿಗೆ ತಿಳಿಯುತ್ತಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಅವರು ಉತ್ತರ ಕೊಡುತ್ತಿದ್ದರು. ಮಗ ನನ್ನ ಕಡೆ ನೋಡಿದರು. ಚಿಕ್ಕಂದಿನ ಟಕ್ ಟಕ್ ಅವರಿಗೆ ಈಗ ಅರ್ಥವಾಗುತ್ತಿತ್ತು. ಬ್ಯಾರಿ ನನಗೆ ಅರ್ಧ ಬರುತ್ತದೆ, ಆ ಅರ್ಧ ಸಾಕಿತ್ತು. ಬಾವಿಗೆ ಬಲೆ ಹಾಕಿಸಿದ್ದಾಯಿತಂತೆ. ದೊಡ್ಡವನಿಗೆ ಜ್ವರ ಬಿಟ್ಟಿತಂತೆ. ಆ ದೊಡ್ಡವರು ನನ್ನ ಪಕ್ಕದಲ್ಲಿ, ನರೆತ ಗಡ್ಡದಲ್ಲಿ, ಗೋಡೆಗೆ ಒರಗಿ ನಿಂತಿದ್ದರು.

ಕಾವಲು, ಗುಟ್ಟು, ಬೀಗ ಎಂದು ದಿನವಿಡೀ ಓದಿದ್ದ ನನಗೆ ಅಲ್ಲಿಂದ ಕದಲಲು ಹೊಳೆಯಲಿಲ್ಲ. ಹೆಂಡತಿ ನನ್ನ ತೋಳು ಹಿಡಿದು ನಮ್ಮ ಮನೆಯೊಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಫ್ಯಾನು ಹಾಕಿದಳು. ಆದರೂ ಕೇಳಿತು. ಮಳೆಗೆ ಹಂಚು ಸೋರುವ ವಿಷಯ ಎತ್ತಿದ್ದರೆಂದು ತೋರುತ್ತದೆ ಆ ಪುಣ್ಯಾತ್ಮ, ದಮ್ಮಾಮಿನ ಆ ಫ್ಯಾನಿನ ಕೆಳಗೆ ಕೂತು.

“ಹಂಚು ಇಲ್ಲ ಈಗ,” ಎಂದು ಉಮ್ಮ ಹೇಳುತ್ತಿದ್ದರು. “ಸೋರುದಿಲ್ಲ. ನಮ್ಮ ಮೇಲೆ ಬೇರೆಯವರ ಮನೆ ಉಂಟು. ನೀವು ಬಂದು ನೋಡ್ಲಿಲ್ಲ ಅಷ್ಟೇ.”

ಮತ್ತೆ ಟಕ್.